ಖಾಲಿ ಮೈಲಿಯ ಲೆಕ್ಕ

ಅಹಮದಾಬಾದಿನ ಉತ್ತರದ ಅಂಚಿನಲ್ಲಿ, ಗಾಂಧಿನಗರದತ್ತ ಸಾಗುವ ದಾರಿಯಲ್ಲಿ ಚಾಂದ್‌ಖೇಡಾ ಇದೆ. ನಮ್ಮಂಥ ಕೆಲವು ಕನ್ನಡ ಕುಟುಂಬಗಳು ಇಲ್ಲಿಗೆ ಬಂದದ್ದು ನೆಲದೊಳಗಿನ ಎಣ್ಣೆಯ ಬೆನ್ನು ಹತ್ತಿ. ಓಎನ್‌ಜಿಸಿಯ ಕಚೇರಿ ಇಲ್ಲಿದೆ. ಕಲೋಲ್, ಕಡಿ, ಮೆಹಸಾಣಾಗಳ ಬಾವಿಗಳು ಇಲ್ಲಿಂದ ದೂರವಿಲ್ಲ. ನಮ್ಮ ನಂತರ ಬಂದವರು ಬಾವಿಗಳ ಕಡೆಗೆ ಹೋಗುವುದಿಲ್ಲ. ನಾವು ಊಟ ಮುಗಿಸುವ ಹೊತ್ತಿಗೆ ಅವರು ಸ್ನಾನ ಮಾಡಿ, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಕೆಲಸಕ್ಕೆ ಹೊರಡುತ್ತಾರೆ. ಅವರ ಹಗಲು ಅಮೆರಿಕದ ಗಡಿಯಾರದಲ್ಲಿದೆ.

ನಮ್ಮ ಕೆಳಗಿನ ಮನೆಯಲ್ಲಿ ಬಾಡಿಗೆಗಿರುವ ರಾಣೆಬೆನ್ನೂರು ಕಡೆಯ ಹುಡುಗ ಅಂಥವರಲ್ಲೊಬ್ಬ. ಅವನ ಉದ್ಯೋಗದ ಹೆಸರು ಮೆಡಿಕಲ್ ಕೋಡಿಂಗ್. ಅದರಲ್ಲಿಯೂ ಅವನ ಪಾಲಿಗೆ ಬಂದಿರುವುದು ಆಂಬುಲೆನ್ಸಿನ ಲೆಕ್ಕ. ಅವನು ಎಂದೂ ಕಾಣದ ಅಮೆರಿಕದ ಹಳ್ಳಿಗಾಡಿನಲ್ಲಿ ಒಬ್ಬ ಮುದುಕ ಮೆಟ್ಟಿಲಿನಿಂದ ಜಾರಿ ಬೀಳುತ್ತಾನೆ. ಆಂಬುಲೆನ್ಸು ಬಂದು ಅವನನ್ನು ಆಸ್ಪತ್ರೆಗೆ ಒಯ್ಯುತ್ತದೆ. ಗಾಡಿಯವರು ಬರೆದ ವರದಿ ಕೆಲವು ದಿನಗಳ ಬಳಿಕ ನಮ್ಮ ಹುಡುಗನ ಪರದೆಯ ಮೇಲೆ ತೆರೆದುಕೊಳ್ಳುತ್ತದೆ. ಅದನ್ನು ಓದಿ ಅವನು ಸಂಕೇತಗಳಾಗಿ ಬದಲಿಸುತ್ತಾನೆ. ಸಾಮಾನ್ಯ ತುರ್ತು ಸೇವೆಯಾದರೆ ಎ0429. ಹೆಚ್ಚಿನ ಚಿಕಿತ್ಸೆ ನೀಡುತ್ತ ಒಯ್ದಿದ್ದರೆ ಎ0427. ಕ್ರಮಿಸಿದ ದೂರಕ್ಕೆ ಎ0425. ಬಾಲದಲ್ಲಿ ಎರಡು ಅಕ್ಷರ ಸೇರಿಸಬೇಕು: ಮೊದಲನೆಯದು ಎಲ್ಲಿಂದ, ಎರಡನೆಯದು ಎಲ್ಲಿಗೆ. ಆರ್ ಎಂದರೆ ಮನೆ, ಎಸ್ ಎಂದರೆ ಅಪಘಾತದ ಸ್ಥಳ, ಎಚ್ ಎಂದರೆ ಆಸ್ಪತ್ರೆ. ಮುದುಕನ ಆ ಬೆಳಗಿನ ನೋವೆಲ್ಲ 'ಆರ್‌ಎಚ್' ಎಂಬ ಎರಡು ಅಕ್ಷರಗಳಲ್ಲಿ ಮಡಚಿಕೊಂಡು ವಿಮೆಯ ಕಚೇರಿಗೆ ಹೋಗುತ್ತದೆ.

ಒಂದು ಭಾನುವಾರ ಅವನು ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಕೆಳಗಿನ ರಸ್ತೆಯಲ್ಲಿ 108ರ ಗಾಡಿ ಕೂಗುತ್ತ ಹೋಯಿತು. ಅವನು ಕಿಟಕಿಯಿಂದ ನೋಡಿ ಕೇಳಿದ: "ಕಾಕಾ, ಇಲ್ಲಿ ಇದರ ಬಿಲ್ ಯಾರ್ ಮಾಡ್ತಾರ್ರಿ?"

ಯಾರೂ ಮಾಡುವುದಿಲ್ಲ, ಇದು ಪುಕ್ಕಟೆ ಎಂದು ಹೇಳಿಬಿಟ್ಟೆವು. ಉತ್ತರ ತಪ್ಪಲ್ಲ, ಆದರೆ ಅರ್ಧ. ರೋಗಿಯ ಕೈಗೆ ಬಿಲ್ಲು ಬರುವುದಿಲ್ಲ ಎಂದಮಾತ್ರಕ್ಕೆ ಲೆಕ್ಕವೇ ಇಲ್ಲವೆಂದಾಗದು. ಯಾರೋ ಎಲ್ಲೋ ಕಿಲೋಮೀಟರು ಬರೆಯುತ್ತಿರುತ್ತಾರೆ. ಇನ್ನಾರೋ ಅದಕ್ಕೆ ಹಣ ಬಿಡುಗಡೆ ಮಾಡುತ್ತಿರುತ್ತಾರೆ. ಆ ಅರ್ಧ ಉತ್ತರವನ್ನು ಪೂರ್ತಿ ಮಾಡಿಕೊಳ್ಳುವ ಯತ್ನ ಈ ಬರಹ.

ಹುಡುಗನ ವೃತ್ತಿಯ ಮಾತುಗಳಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಒಂದು ನಿಯಮ. ವೃದ್ಧರಿಗಾಗಿ ಅಮೆರಿಕದ ಸರ್ಕಾರ ನಡೆಸುವ ಮೆಡಿಕೇರ್ ವಿಮೆ ದೂರಕ್ಕೆ ಹಣ ಕೊಡುತ್ತದೆ, ಆದರೆ ಗಾಡಿಯಲ್ಲಿ ರೋಗಿ ಇದ್ದ ದೂರಕ್ಕೆ ಮಾತ್ರ. ಠಾಣೆಯಿಂದ ರೋಗಿಯ ಮನೆಯವರೆಗೆ ಓಡಿದ್ದು, ಆಸ್ಪತ್ರೆಯಿಂದ ಠಾಣೆಗೆ ಮರಳಿದ್ದು ಇವೆಲ್ಲ ಖಾಲಿ ಮೈಲಿ. ಅವಕ್ಕೆ ಬೇರೆ ಬೆಲೆಯಿಲ್ಲ. ಮೂಲದರದಲ್ಲಿಯೇ ಅವು ಅಡಗಿವೆ ಎಂಬುದು ಕಾನೂನಿನ ಭಾವನೆ. ಪಟ್ಟಣದಲ್ಲಿ ಇದು ದೊಡ್ಡ ವಿಷಯವಲ್ಲ. ಹಳ್ಳಿಗಾಡಿನಲ್ಲಿ ಇದೇ ವಿಷಯ. ಅಲ್ಲಿ ಆಂಬುಲೆನ್ಸಿನ ಬದುಕಿನ ಬಹುಪಾಲು ಖಾಲಿ ಓಟ, ಖಾಲಿ ಕಾಯುವಿಕೆ. ದಿನಕ್ಕೊಂದು ಕರೆ ಬಂದರೂ ಇಬ್ಬರು ಇಪ್ಪತ್ತನಾಲ್ಕು ಗಂಟೆ ಎಚ್ಚರವಿರಬೇಕು.

ಆ ದೇಶದಲ್ಲಿ ಆಂಬುಲೆನ್ಸಿಗೆ ಯಾವಾಗಲೂ ಹೀಗೆ ಸಂಕೇತಗಳಿರಲಿಲ್ಲ. ಗಾಯಾಳುವನ್ನು ಬೇಗ ಎತ್ತಿ ತರಬೇಕೆಂಬ ವಿಚಾರ ಯುದ್ಧಭೂಮಿಯದು. 1790ರ ದಶಕದಲ್ಲಿ ಫ್ರೆಂಚ್ ಸೇನೆಯ ವೈದ್ಯ ಲಾರೆ ಕುದುರೆಗಾಡಿಗಳಿಂದ ಅದನ್ನು ನಡೆಸಿ ತೋರಿಸಿದ. ಅಮೆರಿಕದ ನಗರಗಳ ಆಸ್ಪತ್ರೆಗಳು 1860ರ ದಶಕದಲ್ಲಿ ತಮ್ಮವೇ ಗಾಡಿಗಳನ್ನಿಟ್ಟುಕೊಂಡವು. ಸಣ್ಣ ಊರುಗಳಲ್ಲಿ ಮಾತ್ರ 1960ರ ದಶಕದವರೆಗೂ ಈ ಕೆಲಸವನ್ನು ಬಹಳಷ್ಟು ಕಡೆ ಮಾಡುತ್ತಿದ್ದವರು ಶವಸಂಸ್ಕಾರದ ವ್ಯಾಪಾರಿಗಳು. ಕಾರಣ ಸರಳ: ಮನುಷ್ಯನನ್ನು ಮಲಗಿಸಿ ಒಯ್ಯಬಹುದಾದಷ್ಟು ಉದ್ದದ ಗಾಡಿ ಊರಿನಲ್ಲಿ ಅವರೊಬ್ಬರ ಬಳಿಯೇ ಇತ್ತು. ಬದುಕಿದರೆ ಆಸ್ಪತ್ರೆಗೆ, ಇಲ್ಲವಾದರೆ ಅಂಗಡಿಗೆ. ಎರಡೂ ಕಡೆ ಗಿರಾಕಿ ಅವರಿಗೇ ಎಂದು ಯಾರಾದರೂ ಗೊಣಗಿರಬಹುದು; ಆದರೆ ಆ ವ್ಯವಸ್ಥೆಯಲ್ಲಿ ಖಾಲಿ ಮೈಲಿಯ ನಷ್ಟವನ್ನು ಶವಸಂಸ್ಕಾರದ ಲಾಭವೇ ತುಂಬುತ್ತಿತ್ತು ಎಂಬುದನ್ನು ಮರೆಯಬಾರದು.

1965ರಲ್ಲಿ ಮೆಡಿಕೇರ್ ಬಂತು. ಮರುವರ್ಷ ಅಪಘಾತದ ಸಾವುಗಳನ್ನು ಕುರಿತ ಒಂದು ವರದಿ ಇಡೀ ಅಮೆರಿಕವನ್ನು ಬೆಚ್ಚಿಬೀಳಿಸಿತು. 1967ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಆರಂಭವಾದ ಫ್ರೀಡಂ ಹೌಸ್ ಆಂಬುಲೆನ್ಸ್ ಸೇವೆ, ಕೆಲಸವಿಲ್ಲದ ಕರಿಯ ತರುಣರಿಗೆ ತರಬೇತಿ ಕೊಟ್ಟು, ದಾರಿಯಲ್ಲಿಯೇ ಚಿಕಿತ್ಸೆ ನೀಡಬಲ್ಲ ಮೊದಲ ಪರಿಣತರನ್ನಾಗಿ ಮಾಡಿತು. ನಗರಾಡಳಿತ ಸ್ವಂತ ಸೇವೆಯನ್ನು ತೆರೆದು 1975ರಲ್ಲಿ ಅದನ್ನು ಮುಚ್ಚಿಸಿತು. ಗಾಡಿಯ ಗುಣಮಟ್ಟ ಏರಿದಂತೆ ಖರ್ಚೂ ಏರಿತು, ಶವಸಂಸ್ಕಾರದವರು ಹಿಂದೆ ಸರಿದರು, ಹಳ್ಳಿಗಳಲ್ಲಿ ಸ್ವಯಂಸೇವಕರು ಆ ಭಾರವನ್ನು ಹೊತ್ತರು. ಕೊನೆಗೆ 2002ರ ಏಪ್ರಿಲ್ 1ರಂದು ಮೆಡಿಕೇರ್‌ನ ಏಕರೂಪದ ದರಪಟ್ಟಿ ಜಾರಿಗೆ ಬಂತು. ಹಳ್ಳಿಯ ಕಷ್ಟ ಅದನ್ನು ಬರೆದವರಿಗೆ ತಿಳಿಯದೆ ಇರಲಿಲ್ಲ. ರೋಗಿಯನ್ನು ಎತ್ತಿಕೊಂಡ ಸ್ಥಳದ ಅಂಚೆ ಸಂಖ್ಯೆ ಗ್ರಾಮೀಣವಾದರೆ ಮೊದಲ 17 ಮೈಲಿಗಳಿಗೆ ಒಂದೂವರೆ ಪಟ್ಟು ದರ. ತೀರ ವಿರಳ ಜನವಸತಿಯ ಪ್ರದೇಶವಾದರೆ ಮೂಲದರದ ಮೇಲೆ ಶೇ. 22.6ರಷ್ಟು ಹೆಚ್ಚುವರಿ. ಈ ಹೆಚ್ಚುವರಿಗಳಲ್ಲಿ ಕೆಲವು ತಾತ್ಕಾಲಿಕ. ಅವಧಿ ಮುಗಿಯುವಾಗಲೆಲ್ಲ ಅಲ್ಲಿನ ಸಂಸತ್ತು ಮತ್ತೆ ಮುಂದುವರಿಸಬೇಕು. ಅಷ್ಟಾದರೂ ನಿಯಮದ ಬುಡ ಬದಲಾಗಲಿಲ್ಲ: ಒಯ್ದರೆ ಮಾತ್ರ ಹಣ. ಮನೆಗೆ ಹೋಗಿ ಸಕ್ಕರೆ ಇಳಿದವನಿಗೆ ಗ್ಲೂಕೋಸ್ ಕೊಟ್ಟು ಎಬ್ಬಿಸಿ, ಅವನು 'ಆಸ್ಪತ್ರೆ ಬೇಡ' ಎಂದರೆ, ಜೀವ ಉಳಿದರೂ ಬಿಲ್ಲು ಏಳುವುದಿಲ್ಲ. ಇದನ್ನು ಸರಿಪಡಿಸಲೆಂದು 2021ರಲ್ಲಿ ಆರಂಭಿಸಿದ ಒಂದು ಪ್ರಯೋಗ 2023ರ ಕೊನೆಗೆ ಅವಧಿಗೆ ಮೊದಲೇ ನಿಂತಿತು.

ಇದೇ ಪಟ್ಟಿಯಲ್ಲಿ ಇನ್ನೂ ಒಂದು ಎರಡಕ್ಷರದ ಸಂಕೇತವಿದೆ. ಕ್ಯೂಎಲ್. ಆಂಬುಲೆನ್ಸನ್ನು ಕರೆದ ಮೇಲೆ, ಅದು ಬಂದು ರೋಗಿಯನ್ನು ಒಳಗಿಡುವ ಮೊದಲು ಅವನು ಸತ್ತನೆಂದು ಘೋಷಿಸಿದರೆ ಇದನ್ನು ಬರೆಯಬೇಕು. ಆಗ ಮೂಲದರ ಸಲ್ಲುತ್ತದೆ, ಮೈಲಿಗೆ ಏನೂ ಸಲ್ಲುವುದಿಲ್ಲ. ಕರೆಯುವ ಮೊದಲೇ ಸತ್ತಿದ್ದರೆ ಮೂಲದರವೂ ಇಲ್ಲ. ದಾರಿಯಲ್ಲಿ ಸತ್ತರೆ ಎಲ್ಲವೂ ಬದುಕಿದ್ದವನಂತೆಯೇ ಸಲ್ಲುತ್ತದೆ. ಹುಡುಗ ಇದನ್ನು ಹೇಳಿದಾಗ ಅವನ ದನಿಯಲ್ಲಿ ವಿಶೇಷವೇನೂ ಇರಲಿಲ್ಲ. ವಾರಕ್ಕೆ ಒಂದೆರಡು ಬರುತ್ತವಂತೆ.

ರೋಗಕ್ಕೂ ಸಾವಿಗೂ ಸಂಕೇತ ಹಚ್ಚುವ ವಿದ್ಯೆ ಹುಟ್ಟಿದ್ದು ಹಣಕ್ಕಾಗಿ ಅಲ್ಲ. ಲಂಡನ್ನಿನ ಬಟ್ಟೆ ವ್ಯಾಪಾರಿ ಜಾನ್ ಗ್ರಾಂಟ್ 1662ರಲ್ಲಿ ಸಾವಿನ ವಾರಪಟ್ಟಿಗಳನ್ನು ಎಣಿಸಿ ಪುಸ್ತಕ ಬರೆದ. 1893ರಲ್ಲಿ ಪ್ಯಾರಿಸ್ಸಿನ ಬರ್ಟಿಲಾನ್ ಸಾವಿನ ಕಾರಣಗಳ ಅಂತರರಾಷ್ಟ್ರೀಯ ಪಟ್ಟಿಯನ್ನು ಮುಂದಿಟ್ಟ. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದರ ಹೊಣೆ ಹೊತ್ತಿತು. ನಮ್ಮ ನಾಡಿನಲ್ಲಿಯೂ ಇಂಥ ಎಣಿಕೆ ಇತ್ತು. ಬ್ರಿಟಿಷರ ಕಾಲದ ಗ್ರಾಮದ ಜನನ-ಮರಣ ಪುಸ್ತಕಗಳಲ್ಲಿ ಕಾಲರಾ, ಸಿಡುಬು, ಜ್ವರ, ಹೊಟ್ಟೆಯ ಬೇನೆ, ಗಾಯ, ಇತರೆ ಎಂಬ ಬೆರಳೆಣಿಕೆಯ ಕಲಮುಗಳಿದ್ದವು. ಅರ್ಥವಾಗದ್ದೆಲ್ಲ 'ಜ್ವರ'ದ ಕಲಮಿಗೆ ಹೋಗುತ್ತಿತ್ತು. ಆ ಎಣಿಕೆಯಿಂದ ಸರ್ಕಾರಕ್ಕೆ ಪಿಡುಗಿನ ಸುಳಿವು ಸಿಗುತ್ತಿತ್ತು. ಯಾರಿಗೂ ಹಣ ಸಿಗುತ್ತಿರಲಿಲ್ಲ. ಎಣಿಕೆಯ ಪುಸ್ತಕ ಹಣದ ಪುಸ್ತಕವೂ ಆದದ್ದು ವಿಮೆ ಬಂದ ಮೇಲೆ.

ಹಾಗಾದರೆ ನಮ್ಮ ಹಳ್ಳಿಗಳಲ್ಲಿ ರೋಗಿಯ ಪ್ರಯಾಣದ ಲೆಕ್ಕ ಎಲ್ಲಿತ್ತು? ಮನೆಯ ಕಿರ್ದಿಯಲ್ಲಿತ್ತು. ನಮ್ಮದು ಸಿದ್ದಾಪುರ ಸೀಮೆ. ರಸ್ತೆಯಿಲ್ಲದ ಕಡೆ ಕಂಬಳಿಯನ್ನು ಬಿದಿರಿಗೆ ಕಟ್ಟಿ, ಮುಂದೊಬ್ಬ ಹಿಂದೊಬ್ಬ ಹೊತ್ತು, ಬದಲಿಗೆ ಇಬ್ಬರು ಜೊತೆಗೆ ನಡೆದು ರಸ್ತೆ ತಲುಪಿಸುತ್ತಿದ್ದರು. ಅಲ್ಲಿಂದ ಗಾಡಿ, ಆಮೇಲಿನ ಕಾಲದಲ್ಲಿ ಬಾಡಿಗೆ ಜೀಪು. ಹೊತ್ತವರಿಗೆ ಕೂಲಿಯಿಲ್ಲ, ಅದು ಊರಿನ ಋಣ. ನಾಳೆ ಅವರ ಮನೆಗೆ ನಾವು ಹೆಗಲು ಕೊಡಬೇಕು. ಜೀಪಿನವನಿಗೆ ಮಾತ್ರ ಬಾಡಿಗೆ, ಅದೂ ಹೋಗಿ-ಬಂದದ್ದಕ್ಕೆ. ಅವನು ಪೇಟೆಯಿಂದ ಖಾಲಿ ಮರಳಬೇಕಲ್ಲ. ಅಮೆರಿಕದ ದರಪಟ್ಟಿ ಬರೆದವರಿಗೆ ತೊಡಕಾದ ಪ್ರಶ್ನೆಯನ್ನು ನಮ್ಮ ಜೀಪಿನವರು 'ರಿಟರ್ನ್ ಬಾಡಿಗೆ' ಎಂಬ ಎರಡು ಮಾತಿನಲ್ಲಿ ಬಿಡಿಸಿದ್ದರು. ಖಾಲಿ ಹಾದಿಯ ಹಣವನ್ನು ರೋಗಿಯೇ ಕೊಡಬೇಕು. ಅದಕ್ಕಾಗಿ ಅಡಿಕೆಯ ಮೇಲೆ ಸಾಲ, ಇಲ್ಲವೇ ಕಿವಿಯ ಬೆಂಡೋಲೆ.

1983ರ ಮಳೆಗಾಲದಲ್ಲಿ ನಮ್ಮ ಅಜ್ಜಿಯನ್ನು ಸಾಗರದ ಆಸ್ಪತ್ರೆಗೆ ಒಯ್ದದ್ದು ಹೀಗೆಯೇ. ಅಪ್ಪ ಕಿರ್ದಿಯಲ್ಲಿ ಎಲ್ಲವನ್ನೂ ಬರೆಯುತ್ತಿದ್ದರು. ಆ ಪುಟವನ್ನು ನಾವು ನೋಡಿದ್ದೇವೆ. ಒಂದು ಕಡೆಗೆ 32 ಕಿಲೋಮೀಟರು, ಎರಡೂ ಸೇರಿ 64, ಕಿಲೋಮೀಟರಿಗೆ 2 ರೂಪಾಯಿ, ಒಟ್ಟು 128. ಆ ಸಾಲನ್ನು ಒಂದೇ ಗೀಟಿನಿಂದ ಹೊಡೆದುಹಾಕಿ ಕೆಳಗೆ '64 ರೂ., ಹೋದದ್ದು ಮಾತ್ರ' ಎಂದು ಬರೆದಿದ್ದಾರೆ. ಅಜ್ಜಿ ಆಸ್ಪತ್ರೆಯನ್ನು ತಲುಪಲಿಲ್ಲ. ಅದೇ ಜೀಪು ಅವಳನ್ನು ಹಿಂದಕ್ಕೆ ತಂದಿತು. ಖಾಲಿ ಮರಳಲಿಲ್ಲವಾದ್ದರಿಂದ ಮರಳಿದ್ದರ ಬಾಡಿಗೆ ಬೇಡವೆಂದು ಜೀಪಿನವನು ಹೇಳಿದನಂತೆ. ಲೆಕ್ಕದ ಪ್ರಕಾರ ಅದು ಸರಿಯೇ. ಅವನು ಹೇಳಿದ್ದು ಲೆಕ್ಕವಲ್ಲ ಎಂಬುದು ಅಪ್ಪನಿಗೂ ಗೊತ್ತಿತ್ತು.

ಅಂಥ ಕಿರ್ದಿಯ ಹೊರೆಯನ್ನು ಸರ್ಕಾರದ ಪುಸ್ತಕಕ್ಕೆ ವರ್ಗಾಯಿಸುವ ಪ್ರಯತ್ನಗಳು ದೇಶದಲ್ಲಿ ಗಟ್ಟಿಯಾಗಿ ಆರಂಭವಾದದ್ದು 2005ರ ಸುಮಾರಿಗೆ. ಅದಕ್ಕೆ ಎರಡು ವರ್ಷ ಮೊದಲು ಕರ್ನಾಟಕದಲ್ಲಿ ಸಹಕಾರಿ ರೈತರಿಗಾಗಿ ಯಶಸ್ವಿನಿ ಬಂದಿತ್ತು. ತಿಂಗಳಿಗೆ 5 ರೂಪಾಯಿ ಕಟ್ಟಿದರೆ ಶಸ್ತ್ರಚಿಕಿತ್ಸೆ ಉಚಿತ. ಅದರ ಪಟ್ಟಿಯಲ್ಲಿ ಶಸ್ತ್ರಚಿಕಿತ್ಸೆಗಳ ಹೆಸರುಗಳು ನೂರಾರು ಇದ್ದವು. ರಸ್ತೆಯ ಹೆಸರು ಇರಲಿಲ್ಲ. ಈ ಮಾತನ್ನು ದೂರಾಗಿ ಹೇಳುತ್ತಿಲ್ಲ. ವಿಮೆ ಎಂಬುದು ಎಲ್ಲ ಕಡೆಯೂ ಆಸ್ಪತ್ರೆಯ ಬಾಗಿಲಿನಿಂದ ಒಳಕ್ಕೆ ನೋಡುವ ಕಣ್ಣು.

ಗುಜರಾತಿನ ಚಿರಂಜೀವಿ ಯೋಜನೆ ಈ ದೃಷ್ಟಿಯಿಂದ ನಿಂತು ನೋಡಬೇಕಾದದ್ದು. ಬಡ ಹೆಂಗಸರ ಹೆರಿಗೆಯನ್ನು ಖಾಸಗಿ ವೈದ್ಯರಿಂದ ಮಾಡಿಸಿ ಸರ್ಕಾರ ಹಣ ಕೊಡುವ ಈ ಯೋಜನೆಯನ್ನು ಮೊದಲಿಗೆ ಬನಾಸ್‌ಕಾಂಠಾ, ಸಾಬರ್‌ಕಾಂಠಾ, ದಾಹೋದ್, ಪಂಚಮಹಲ್, ಕಚ್ಛ್ ಎಂಬ ಐದು ಜಿಲ್ಲೆಗಳಲ್ಲಿ ಪರೀಕ್ಷಿಸಿದರು. ಪ್ರತಿ ಹೆರಿಗೆಗೂ ಬಿಲ್ಲು, ಪ್ರತಿ ತೊಡಕಿಗೂ ಸಂಕೇತ ಎಂಬ ದಾರಿಯನ್ನು ಬಿಟ್ಟು, ನೂರು ಹೆರಿಗೆಗಳಿಗೆ ಒಂದೇ ಮೊತ್ತ ಕಟ್ಟಿದ್ದು ಅದರ ವೈಶಿಷ್ಟ್ಯ. ಆ ಮೊತ್ತ 1,79,500 ರೂಪಾಯಿ. ಅದನ್ನು ಕಟ್ಟಿದ ಬಗೆ ನಮ್ಮ ಅಪ್ಪನ ಕಿರ್ದಿಯಷ್ಟೇ ನೇರವಾಗಿದೆ. ನೂರರಲ್ಲಿ 85 ಸಹಜ ಹೆರಿಗೆ, ತಲಾ 800. 7 ಸಿಸೇರಿಯನ್, ತಲಾ 5,000. ರಕ್ತ ಬೇಕಾಗುವವರು 3, ನಂಜೇರುವವರು 2, ಶಿಶುವಿನ ವಿಶೇಷ ಆರೈಕೆ 10. ಊಟಕ್ಕೆ ತಲಾ 100. ಜೊತೆಗೆ ಬಂದ ಸೂಲಗಿತ್ತಿಗೆ 50. ಸಾರಿಗೆಗೆ 200. ವೈದ್ಯನು ಸಿಸೇರಿಯನ್ ಮಾಡಿದರೂ ಮಾಡದಿದ್ದರೂ ಕೈಗೆ ಬರುವುದು ಅಷ್ಟೇ. ಹಣಕ್ಕಾಗಿ ಹೊಟ್ಟೆ ಕೊಯ್ಯುವ ಆಸೆ ಹುಟ್ಟದಿರಲಿ ಎಂಬುದು ಉದ್ದೇಶ. ಸಂಕೇತಗಳ ಲೋಕದಲ್ಲಿ ಇದು ಜಾಣತನದ ಹೆಜ್ಜೆ ಎಂದೇ ನಮ್ಮ ಎಣಿಕೆ.

ಆದರೆ ಸಾರಿಗೆಯ ಆ 200 ರೂಪಾಯಿಯನ್ನು ನೋಡಿ. ಆಸ್ಪತ್ರೆಯ ಬೀದಿಯಲ್ಲಿಯೇ ಇರುವವಳಿಗೂ 200, ಕಚ್ಛದ ರಣದ ಅಂಚಿನಿಂದ ಬರುವವಳಿಗೂ 200. ಒಳಗಿನ ತೊಡಕುಗಳನ್ನು ನೂರಕ್ಕೆ ಹಂಚಿದರೆ ವೈದ್ಯನಿಗೆ ಸರಿಹೋಗುತ್ತದೆ, ಏಕೆಂದರೆ ಅವನು ನೂರು ಹೆರಿಗೆ ಮಾಡುತ್ತಾನೆ. ಬಸುರಿ ಪ್ರಯಾಣ ಮಾಡುವುದು ಒಮ್ಮೆ. ಅವಳ ದೂರ ಸರಾಸರಿಯಲ್ಲಿ ಕರಗುವುದಿಲ್ಲ. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು, ಈ ಯೋಜನೆಯಿಂದ ಆಸ್ಪತ್ರೆಯ ಹೆರಿಗೆಗಳು ಗಣನೀಯವಾಗಿ ಹೆಚ್ಚಿದ್ದಾಗಲಿ, ಮನೆಯವರ ಖರ್ಚು ತಗ್ಗಿದ್ದಾಗಲಿ ಕಾಣಲಿಲ್ಲವೆಂದು ಹೇಳಿತು. ಸಾರಿಗೆಯೊಂದೇ ಅದಕ್ಕೆ ಕಾರಣವೆಂದು ನಾವು ಹೇಳಲಾರೆವು. ಆದರೂ ಒಂದೇ ಅಳತೆಯ ಸಾರಿಗೆ ಹಣ ನಮ್ಮ ಯೋಜನೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ: 2008ರ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯಲ್ಲಿ ಪ್ರತಿ ದಾಖಲಾತಿಗೆ 100, ಗುಜರಾತಿನ ಮುಖ್ಯಮಂತ್ರಿ ಅಮೃತಂ ಯೋಜನೆಯಲ್ಲಿ 300. ಬಾಡಿಗೆ ಹೇಳುವ ಜೀಪಿನವನು ಎದುರಿಗಿದ್ದಿದ್ದರೆ ನಗುತ್ತಿದ್ದ.

ಇಷ್ಟರಲ್ಲಿ ಬೇರೊಂದು ದಾರಿ ತೆರೆಯಿತು. 2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ 108 ಸೇವೆ ಆರಂಭವಾಯಿತು. 2007ರ ಆಗಸ್ಟ್ 29ರಂದು ಅಹಮದಾಬಾದಿಗೆ ಬಂತು. ಅದೇ ವರ್ಷ ಗುಜರಾತು ತುರ್ತು ವೈದ್ಯಕೀಯ ಸೇವೆಗಳಿಗಾಗಿ ಪ್ರತ್ಯೇಕ ಕಾಯಿದೆಯನ್ನೇ ಮಾಡಿತು. 2001ರ ಜನವರಿ 26ರ ಭೂಕಂಪದಲ್ಲಿ ಕಚ್ಛದ ಜೊತೆಗೆ ಅಹಮದಾಬಾದಿನ ಮಾಳಿಗೆಮನೆಗಳೂ ಕುಸಿದುದನ್ನು ಕಂಡ ರಾಜ್ಯಕ್ಕೆ ಆ ಅವಸರ ಸಹಜವಾಗಿತ್ತು. ಕರ್ನಾಟಕದಲ್ಲಿ ಆರೋಗ್ಯ ಕವಚ ಎಂಬ ಹೆಸರಿನಿಂದ 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ ಗಾಡಿಗಳು ಹೊರಟವು. ಇಲ್ಲಿ ಜನ 'ಏಕ್‌ಸೋ ಆಠ್' ಎನ್ನುತ್ತಾರೆ. ಕನ್ನಡದಲ್ಲಿ 'ನೂರೆಂಟು' ಎಂದರೆ ತಾಪತ್ರಯದ ಲೆಕ್ಕವಾಗಿಬಿಡುತ್ತದೆ. ಅದಕ್ಕೇ ಇರಬೇಕು, ನಮ್ಮೂರವರು 'ಒನ್ ಝೀರೋ ಏಟ್' ಎಂದೇ ಹೇಳುವುದು.

ಈ ಸೇವೆಯ ಮೂಲದಲ್ಲಿ ಲೆಕ್ಕಶಾಸ್ತ್ರದ ಒಂದು ವಿಪರ್ಯಾಸವಿದೆ. ಅದನ್ನು ಹುಟ್ಟುಹಾಕಿದವರು ಸತ್ಯಂ ಕಂಪನಿಯ ರಾಮಲಿಂಗ ರಾಜು. 2009ರ ಜನವರಿ 7ರಂದು, ಕಂಪನಿಯ ಪುಸ್ತಕಗಳಲ್ಲಿ ಇಲ್ಲದ ಹಣವನ್ನು ಇದೆಯೆಂದು ಬರೆಯುತ್ತ ಬಂದುದಾಗಿ ಅವರೇ ಒಪ್ಪಿಕೊಂಡರು. ಆ ವರ್ಷವೇ ಜಿವಿಕೆ ಸಮೂಹ ಆಂಬುಲೆನ್ಸ್ ಸಂಸ್ಥೆಯನ್ನು ವಹಿಸಿಕೊಂಡಿತು. ದೇಶದ ಅತಿದೊಡ್ಡ ಸುಳ್ಳು ಲೆಕ್ಕಗಳಲ್ಲೊಂದು ಬಯಲಾದ ವಾರದಲ್ಲಿಯೂ ಗಾಡಿಗಳು ಓಡುತ್ತಿದ್ದವು. ಅವು ನಿಲ್ಲದಿರಲು ಕಾರಣ, ಅವುಗಳ ಹಣ ಕಂಪನಿಯ ಪುಸ್ತಕದಿಂದಲ್ಲದೆ ಬಹುತೇಕ ಸರ್ಕಾರದ ಪುಸ್ತಕದಿಂದ ಬರುತ್ತಿದ್ದುದು.

ಆ ಸರ್ಕಾರಿ ಪುಸ್ತಕದಲ್ಲಿ ರೋಗಿಯ ಹೆಸರಿಗೆ ಬಿಲ್ಲಿಲ್ಲ. ಗಾಡಿ, ಅದರ ಚಾಲಕ (ಅವನನ್ನು ಪೈಲಟ್ ಎನ್ನುತ್ತಾರೆ), ಜೊತೆಗಿರುವ ತುರ್ತುಚಿಕಿತ್ಸೆಯ ಸಿಬ್ಬಂದಿ, ಡೀಸೆಲ್, ಕರೆಕೇಂದ್ರ ಇವೆಲ್ಲದರ ನಡೆಸುವ ಖರ್ಚನ್ನು ಒಪ್ಪಂದದಂತೆ ರಾಜ್ಯ ಕೊಡುತ್ತದೆ. ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ ಕೇಂದ್ರ ಮೊದಲ ವರ್ಷ ಶೇ. 60, ಎರಡನೆಯ ವರ್ಷ 40, ಮೂರನೆಯ ವರ್ಷ 20ರಷ್ಟನ್ನು ಕೊಟ್ಟು, ಬಳಿಕ ರಾಜ್ಯಗಳ ಹೆಗಲಿಗೆ ಬಿಡುವ ಕ್ರಮವಿತ್ತು. ಅಂದರೆ ಇಲ್ಲಿ ಹಣ ಸಲ್ಲುವುದು ಓಡಿದ್ದಕ್ಕೆ ಎನ್ನುವುದಕ್ಕಿಂತ ಸಿದ್ಧವಾಗಿ ನಿಂತದ್ದಕ್ಕೆ. ಖಾಲಿ ಮೈಲಿ, ಖಾಲಿ ಗಂಟೆ ಎರಡನ್ನೂ ಸರ್ಕಾರ ಮುಂಗಡವಾಗಿ ಕೊಂಡುಕೊಂಡಿತು. ಹಳ್ಳಿಯ ಆಂಬುಲೆನ್ಸಿಗೆ ಸರಿಯಾದ ಲೆಕ್ಕ ಇದೇ ಎಂದು ನಮಗನ್ನಿಸುತ್ತದೆ. ಅಗ್ನಿಶಾಮಕ ದಳಕ್ಕೆ ಬೆಂಕಿಯೊಂದಕ್ಕೆ ಇಷ್ಟೆಂದು ಕೂಲಿ ಕೊಡುವವರುಂಟೆ?

ಓಡಿದ್ದಕ್ಕೆ, ಒಯ್ದದ್ದಕ್ಕೆ ಹಣವೆಂದು ಕಟ್ಟಿದರೆ ಏನಾದೀತೆಂಬುದನ್ನು ನೆರೆಯ ರಾಜಸ್ಥಾನ ಕಂಡಿತು. ನಡೆಯದ ಪ್ರಯಾಣಗಳಿಗೆ, ಇಲ್ಲದ ರೋಗಿಗಳಿಗೆ ಬಿಲ್ಲು ಮಾಡಿದರೆಂಬ ಆರೋಪದ ಮೇಲೆ 2015ರಲ್ಲಿ ಸಿಬಿಐ ಅಲ್ಲಿ ಪ್ರಕರಣ ದಾಖಲಿಸಿಕೊಂಡಿತು. ಅಮೆರಿಕದಲ್ಲಿ ರೋಗಿಯಿಲ್ಲದ ಮೈಲಿಗೆ ಬೆಲೆಯಿಲ್ಲ. ಇಲ್ಲಿ ಖಾಲಿ ಮೈಲಿಗೆ ಕಾಗದದ ಮೇಲೆ ರೋಗಿಯನ್ನು ಹತ್ತಿಸಿದರೆಂಬುದು ಆರೋಪ. ಎರಡೂ ಒಂದೇ ನಿಯಮದ ಮಕ್ಕಳು.

ಸಿದ್ಧತೆಗೆ ಹಣವೆಂಬ ಕ್ರಮಕ್ಕೂ ತನ್ನದೇ ರೋಗವಿದೆ. ಬಿಲ್ಲು ರೋಗಿಗೆ ಬರುವುದಿಲ್ಲವಾದ್ದರಿಂದ ರೋಗಿ ಅದನ್ನು ಪ್ರಶ್ನಿಸಲಾರ. ಹಣ ಕೊಡುವವರು ಮತ್ತು ಪಡೆಯುವವರು ತಮ್ಮಲ್ಲೇ ಜಗಳವಾಡುತ್ತಾರೆ. ಕರ್ನಾಟಕ ಸರ್ಕಾರ 2017ರಲ್ಲಿ ಒಪ್ಪಂದವನ್ನು ಕೊನೆಗೊಳಿಸಲು ಮುಂದಾಗಿ ವ್ಯವಹಾರ ನ್ಯಾಯಾಲಯದ ಮೆಟ್ಟಿಲೇರಿತು. ಸಂಬಳ ಬಾಕಿಯಾಯಿತೆಂದು ಸಿಬ್ಬಂದಿ ಮುಷ್ಕರದ ಮಾತೆತ್ತುವುದು, ಸರ್ಕಾರ ನಾವು ಬಿಡುಗಡೆ ಮಾಡಿದ್ದೇವೆ ಎನ್ನುವುದು, ಸಂಸ್ಥೆ ನಮಗೆ ಬಂದಿಲ್ಲ ಎನ್ನುವುದು ಊರಿನ ಪತ್ರಿಕೆಗಳಲ್ಲಿ ನಾವು ಹಲವು ಬಾರಿ ಓದಿದ ಸುದ್ದಿ. ಪೈಲಟ್ಟಿನ ಮನೆಯ ಕಿರ್ದಿಯಲ್ಲಿ ಆ ತಿಂಗಳು ಏನು ಬರೆದಿರುತ್ತಾರೋ.

ಖಾಲಿ ಹಾದಿಯನ್ನು ತುಂಬಿದ ಒಂದು ವ್ಯವಸ್ಥೆಯನ್ನು ಮಾತ್ರ ಪ್ರೀತಿಯಿಂದ ನೆನೆಯಬೇಕು. 108ಕ್ಕೆ ಬರುವ ಕರೆಗಳಲ್ಲಿ ಗರ್ಭಿಣಿಯರದೇ ದೊಡ್ಡ ಪಾಲು. ಆಸ್ಪತ್ರೆಗೆ ಉಚಿತವಾಗಿ ಬಂದವಳು, ಹೆತ್ತ ಮೂರನೆಯ ದಿನ ಕೂಸನ್ನೆತ್ತಿಕೊಂಡು ಬಸ್ಸಿಗೆ ಕಾಯಬೇಕಿತ್ತು. 2011ರ ಜೂನ್ 1ರಂದು ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ, ಮನೆಗೆ ಮರಳುವ ಪ್ರಯಾಣವನ್ನೂ ಅವಳ ಹಕ್ಕೆಂದು ಬರೆಯಿತು. ಅದಕ್ಕಾಗಿ ಗುಜರಾತು ಓಡಿಸಿದ ಗಾಡಿಯ ಹೆಸರು 'ಖಿಲ್‌ಖಿಲಾಟ್', ಕಿಲಕಿಲ ನಗು. ಕರ್ನಾಟಕದ ಗಾಡಿಯ ಹೆಸರು 'ನಗು-ಮಗು'. ಎರಡು ರಾಜ್ಯಗಳ ಅಧಿಕಾರಿಗಳಿಗೆ ಹೆಸರಿಡುವಾಗ ಒಂದೇ ಶಬ್ದ ಕೇಳಿಸಿದ್ದು ನಮ್ಮಂಥ ಎರಡೂರಿನವರಿಗೆ ಹಿತವಾಗುತ್ತದೆ.

ಇನ್ನೂ ಯಾರ ಪುಸ್ತಕಕ್ಕೂ ಏರದ ಒಂದು ದೂರವಿದೆ. 2024ರ ಅಕ್ಟೋಬರಿನಲ್ಲಿ ಛೋಟಾ ಉದೇಪುರ ಜಿಲ್ಲೆಯ ತುರ್ಖೇಡಾ ಎಂಬ ಬೆಟ್ಟದೂರಿನಿಂದ ಬಸುರಿಯೊಬ್ಬಳನ್ನು ಬಟ್ಟೆಯ ಜೋಲಿಯಲ್ಲಿ ಹೊತ್ತು ತರಬೇಕಾಯಿತು; ಗಾಡಿ ಬರುವಂಥ ರಸ್ತೆ ಅಲ್ಲಿಗೆ ಇರಲಿಲ್ಲ. ಅವಳು ಉಳಿಯಲಿಲ್ಲ. ಗುಜರಾತ್ ಹೈಕೋರ್ಟು ಪತ್ರಿಕಾ ವರದಿಯನ್ನು ಆಧರಿಸಿ ತಾನಾಗಿಯೇ ವಿಚಾರಣೆಗೆತ್ತಿಕೊಂಡಿತು. ಗುಜರಾತಿಯಲ್ಲಿಯೂ ಅದನ್ನು ಝೋಳಿ ಎನ್ನುತ್ತಾರೆ. ಪದ ಒಂದೇ, ಹೊರುವ ಬಗೆ ಒಂದೇ. 108ರ ಗಾಡಿಯ ಲೆಕ್ಕ ರಸ್ತೆಯ ಕೊನೆಯಿಂದ ಆರಂಭವಾಗುತ್ತದೆ. ಎಂಟುನೂರರ ಆಸುಪಾಸು ಗಾಡಿಗಳಿರುವ ರಾಜ್ಯದಲ್ಲಿಯೂ ಜೋಲಿಯ ದೂರಕ್ಕೆ ಕಲಮಿಲ್ಲ. ಹೊತ್ತವರ ಹೆಗಲಿನಲ್ಲಿಯೇ ಅದು ಈಗಲೂ ಇದೆ.

ಇದನ್ನೆಲ್ಲ ಹುಡುಗನಿಗೆ ಒಂದೆರಡು ವಾರಗಳಲ್ಲಿ ಚೂರುಚೂರಾಗಿ ಹೇಳಿದೆವು. ಅಜ್ಜಿಯ ಜೀಪಿನ ಕಥೆಯನ್ನು ಹೇಳಿದ ಸಂಜೆ ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ:

"ಜೀಪಿನ್ಯಾಗ ಹಾಕಿದ ಮ್ಯಾಲೆ ಹೋದರೋ, ಮೊದಲೋ ಕಾಕಾ?"

"ಹಾಕಿದ ಮೇಲೆ. ದಾರಿಯಲ್ಲಿ."

"ಹಂಗಾದ್ರ ಕ್ಯೂಎಲ್ ಬರಂಗಿಲ್ಲ," ಎಂದ. "ಮೈಲಿ ಸಿಗತೈತಿ." ಮೊಬೈಲು ತೆಗೆದು 32 ಕಿಲೋಮೀಟರನ್ನು ಮೈಲಿಗೆ ಬದಲಿಸಿದ. ಇಪ್ಪತ್ತಕ್ಕೆ ಒಂದಿಷ್ಟು ಕಡಿಮೆ ಬಂತು. ಮೊದಲ ಹದಿನೇಳಕ್ಕೆ ಒಂದೂವರೆ ಪಟ್ಟು, ಉಳಿದ ಮೂರಕ್ಕೆ ಸಾದಾ ದರ. ಹತ್ತಿಸಿಕೊಂಡ ಊರಿನ ಪಿನ್ ಕೋಡ್ ಏನೆಂದು ಕೇಳಿದ. ಹೇಳಿದೆವು. ಅಷ್ಟರಲ್ಲಿ ಕೆಳಗೆ ಕಂಪನಿಯ ವ್ಯಾನು ಹಾರ್ನ್ ಮಾಡಿತು. ಅವನು ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿಕೊಂಡು ಮೆಟ್ಟಿಲಿಳಿದ.